ನೆಲಗಡಲೆ ಮದುವೆಯ ಸ್ಯಾಂಡ್‌ವಿಚ್

ಚಿಕಾಗೋ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮವರ ನೆನಪಿಗೆ ಬರುವುದು 1893ರಲ್ಲಿ ಅಲ್ಲಿ ನೆರೆದ ಸರ್ವಧರ್ಮ ಸಮ್ಮೇಳನ ಮತ್ತು ಸ್ವಾಮಿ ವಿವೇಕಾನಂದರ ಭಾಷಣ. ನಮ್ಮ ಶಾಲೆಯ ಚಿಕ್ಕ ತರಗತಿಯ ಮಕ್ಕಳೂ ಇದನ್ನು ತಡವರಿಸದೆ ಹೇಳಬಲ್ಲರು. ಆದರೆ ಅದೇ ಚಿಕಾಗೋ ನಗರವು ಆ ಕಾಲದಲ್ಲಿ ಅಮೆರಿಕ ದೇಶದ ಅತಿ ದೊಡ್ಡ ಕಸಾಯಿಖಾನೆಯೂ ಆಗಿತ್ತೆಂಬುದು ನಮ್ಮ ಪಾಠಗಳಲ್ಲಿ ಬರುವುದಿಲ್ಲ. 1865ರ ಕ್ರಿಸ್‌ಮಸ್ ದಿನದಂದು ತೆರೆದ 'ಯೂನಿಯನ್ ಸ್ಟಾಕ್ ಯಾರ್ಡ್ಸ್' ಎಂಬ ಆ ವಿಶಾಲವಾದ ದನದ ದೊಡ್ಡಿಯು 1971ರಲ್ಲಿ ಮುಚ್ಚುವವರೆಗೆ, ರೈಲುಗಾಡಿಗಳಲ್ಲಿ ಬಂದಿಳಿದ ಜಾನುವಾರುಗಳನ್ನು ಮಾಂಸವಾಗಿಸಿ ದೇಶಕ್ಕೆಲ್ಲ ಹಂಚುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರ ದಾರುಣ ಬದುಕನ್ನು ಅಪ್ಟನ್ ಸಿಂಕ್ಲೇರ್ ಎಂಬ ಲೇಖಕರು 'ದಿ ಜಂಗಲ್' ಎಂಬ ಕಾದಂಬರಿಯಲ್ಲಿ ಚಿತ್ರಿಸಿದರು. ಅದು ಪುಸ್ತಕರೂಪದಲ್ಲಿ ಹೊರಬಂದ 1906ರಲ್ಲಿಯೇ ಅಮೆರಿಕದಲ್ಲಿ ಮಾಂಸ ತಪಾಸಣೆಯ ಕಾನೂನೂ ಜಾರಿಗೆ ಬಂದಿತು.

ಆ ದೊಡ್ಡಿಯ ಸುತ್ತಮುತ್ತಲ ಕೇರಿಗಳಲ್ಲಿ ನೆಲೆಸಿದವರು ಬಹುಮಟ್ಟಿಗೆ ಪರದೇಶದಿಂದ ಬಂದವರೇ. ಇಟಲಿಯಿಂದ ಬಂದವರದು ಒಂದು ಕೇರಿ, ಪೋಲೆಂಡಿನವರದು ಇನ್ನೊಂದು, ಲಿಥುವೇನಿಯದವರದು ಮತ್ತೊಂದು. ಮನೆಯೊಳಗೆ ತಮ್ಮ ನುಡಿ, ಬೀದಿಗಿಳಿದರೆ ಸರ್ಕಾರದ ನುಡಿ. ಈ ಬಗೆಯ ಬಾಳ್ವೆ ಎಂತಹುದೆಂದು ಗಡಿಯಾಚೆಯ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಟಲಿಯವರ ಕೇರಿಯಲ್ಲಿ 'ನೆಲಗಡಲೆ ಮದುವೆ' ಎಂಬ ಮಾತು ಬಳಕೆಯಲ್ಲಿತ್ತು. ಮದುವೆಗೆ ನೆಂಟರಿಷ್ಟರನ್ನೆಲ್ಲ ಕರೆಯಲೇಬೇಕು; ಕೈಯಲ್ಲಿ ಕಾಸಿಲ್ಲ. ಛತ್ರದ ಬದಲು ಮನೆಯಲ್ಲಿಯೋ ಇಗರ್ಜಿಯ ನೆಲಮಾಳಿಗೆಯಲ್ಲಿಯೋ ಕೂಟ. ಪಕ್ವಾನ್ನದ ಬದಲು ಹುರಿದ ನೆಲಗಡಲೆ. ಆದರೂ ಬಂದವರನ್ನು ಬರಿಯ ಕಡಲೆ ತಿನ್ನಿಸಿ ಕಳುಹಿಸುವುದು ಹೇಗೆ? ಅಗ್ಗಕ್ಕೆ ದೊರೆಯುತ್ತಿದ್ದ ಗಡಸು ದನದ ಮಾಂಸವನ್ನು ತಂದು, ಬೆಳ್ಳುಳ್ಳಿ, ಮೆಣಸು, ಸೊಪ್ಪುಗಳೊಡನೆ ಮಂದವಾದ ಬೆಂಕಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಕಾಗದದಷ್ಟು ತೆಳ್ಳಗೆ ಕೊಯ್ದು, ಅದರದೇ ರಸದಲ್ಲಿ ನೆನೆಸಿ, ಉದ್ದನೆಯ ರೊಟ್ಟಿಯ ನಡುವೆ ಇಟ್ಟು ಕೊಡುವ ಉಪಾಯ ಹೀಗೆ ಹುಟ್ಟಿತೆಂದು ಆ ಊರಿನವರು ಹೇಳುತ್ತಾರೆ. ತೆಳ್ಳಗೆ ಕೊಯ್ದಷ್ಟೂ ಹೆಚ್ಚು ಮಂದಿಗೆ ಆಗುತ್ತದೆ. ರಸ ಹೀರಿದ ರೊಟ್ಟಿ ಹೊಟ್ಟೆ ತುಂಬಿಸುತ್ತದೆ. ನೆಂಟರು ಹೆಚ್ಚಿದಂತೆಲ್ಲ ಸಾರಿಗೆ ನೀರು ಬೆರೆಸುವ ನಮ್ಮ ಅಜ್ಜಿಯಂದಿರ ಜಾಣ್ಮೆಗೂ ಇದಕ್ಕೂ ವ್ಯತ್ಯಾಸವೇನೂ ಇಲ್ಲ. ಸಾಲ ಮಾಡಿ ನೂರು ಬಗೆಯ ಭಕ್ಷ್ಯ ಬಡಿಸಿ, ಅರ್ಧವನ್ನು ಎಲೆಯೊಡನೆ ಮಡಚಿ ಹೊರಗೆಸೆಯುವ ಈಗಿನ ನಮ್ಮ ಮದುವೆಗಳನ್ನು ನೋಡುವಾಗ ನಮಗೆ ಆ ನೆಲಗಡಲೆ ಮದುವೆಯವರ ಬಗ್ಗೆ ಗೌರವವೇ ಉಂಟಾಗುತ್ತದೆ.

1938ರಲ್ಲಿ ಆಲ್ ಫೆರೇರಿ ಎಂಬವರು ಸಹೋದರಿ ಫ್ರಾನ್ಸಿಸ್ ಹಾಗೂ ಆಕೆಯ ಪತಿ ಕ್ರಿಸ್ ಪಾಚೆಲ್ಲಿಯವರೊಡನೆ ಸೇರಿ ಇದನ್ನು ಅಂಗಡಿಯ ತಿಂಡಿಯಾಗಿ ಮಾರತೊಡಗಿದರು. ಇಂದು 'ಇಟಾಲಿಯನ್ ಬೀಫ್' ಎಂದರೆ ಚಿಕಾಗೋದ ಗುರುತು. ರಸದಲ್ಲಿ ಅದ್ದಿದ ರೊಟ್ಟಿಯನ್ನು ತಿನ್ನುವವರು ಮೊಣಕೈಗಳನ್ನು ಕಟ್ಟೆಯ ಮೇಲೂರಿ, ಪಾದಗಳನ್ನು ಹಿಂದಕ್ಕೆ ಸರಿಸಿ, ಮುಂದಕ್ಕೆ ಬಾಗಿ ನಿಲ್ಲಬೇಕು. ಇಲ್ಲವಾದರೆ ಅಂಗಿ ಕೆಟ್ಟಂತೆಯೇ. ಬಾಳೆಲೆಯ ಮೇಲೆ ಪಾಯಸ ಹರಿದೋಡದಂತೆ ಕೈ ಅಡ್ಡ ಹಿಡಿಯುವ ವಿದ್ಯೆ ನಮ್ಮದು, ಇದು ಅವರದು.

ಅಂಗಡಿಯಲ್ಲಿ ಮಾಂಸವನ್ನು ಯಂತ್ರದಿಂದ ತೆಳ್ಳಗೆ ಕೊಯ್ಯುತ್ತಾರೆ. ಮನೆಯಲ್ಲಿ ಆ ಯಂತ್ರವೆಲ್ಲಿ? ಆದುದರಿಂದ ಅಮೆರಿಕದ ಗೃಹಿಣಿಯರು ಅದನ್ನು ಇನ್ನೂ ಮೆತ್ತಗಾಗುವಂತೆ ಬೇಯಿಸಿ, ಎರಡು ಮುಳ್ಳುಚಮಚಗಳಿಂದ ನೂಲುನೂಲಾಗಿ ಬಿಡಿಸಿ, ಮೇಲೆ ಚೀಸ್ ಕರಗಿಸಿ, ಹುಟ್ಟುಹಬ್ಬ, ಆಟದ ಪಂದ್ಯ, ಬಂಧುಗಳ ಕೂಟ ಮುಂತಾದ ಸಂದರ್ಭಗಳಲ್ಲಿ ಬಡಿಸುವ ಪದ್ಧತಿ ಬಂದಿತು. ಈ ಮನೆಯ ಪಾಕಕ್ಕೆ ನೆರವಾದ ಇನ್ನೆರಡು ವಸ್ತುಗಳೂ ಚಿಕಾಗೋ ನಗರದ ನಂಟುಳ್ಳವೇ ಆಗಿರುವುದು ಸೋಜಿಗ.

ಮೊದಲನೆಯದು ಚೀಸ್. ನಮ್ಮ ಕೆಲವು ಪುಸ್ತಕಗಳು ಇದನ್ನು 'ಗಿಣ್ಣು' ಎಂದು ಅನುವಾದಿಸುವುದುಂಟು. ಕರು ಹಾಕಿದ ಹಸುವಿನ ಮೊದಲ ಹಾಲಿನಿಂದಾಗುವ ಗಿಣ್ಣಿಗೂ, ಹಾಲನ್ನು ಹೆಪ್ಪುಗಟ್ಟಿಸಿ ನೀರಿಳಿಸಿ ಉಪ್ಪಿಟ್ಟು ಮಾಗಿಸುವ ಚೀಸ್‌ಗೂ ಸಂಬಂಧವಿಲ್ಲವಾದ್ದರಿಂದ ನಾವು ಚೀಸ್ ಎಂದೇ ಬರೆಯುತ್ತೇವೆ. ಹಳೆಯ ಮಾಗಿದ ಚೀಸನ್ನು ಬಿಸಿಗಿಟ್ಟರೆ ಜಿಡ್ಡು ಬೇರೆ, ಗಂಟು ಬೇರೆಯಾಗಿ ಒಡೆಯುತ್ತದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದಲ್ಲಿ ಗೆರ್ಬರ್ ಮತ್ತು ಸ್ಟೆಟ್ಲರ್ ಎಂಬಿಬ್ಬರು ಸೋಡಿಯಂ ಸಿಟ್ರೇಟ್ ಎಂಬ ಲವಣವನ್ನು ಬೆರೆಸಿ ಕಾಯಿಸಿದರೆ ಅದು ಒಡೆಯದೆ ನುಣ್ಣಗೆ ಕರಗುವುದೆಂದು ಕಂಡುಕೊಂಡರು. ಇತ್ತ 1903ರಲ್ಲಿ ಕೆನಡ ಮೂಲದ ಜೇಮ್ಸ್ ಕ್ರಾಫ್ಟ್ ಚಿಕಾಗೋದಲ್ಲಿ ಒಂದು ಕುದುರೆಗಾಡಿಯನ್ನು ಬಾಡಿಗೆಗೆ ಹಿಡಿದು ಅಂಗಡಿ ಅಂಗಡಿಗೆ ಚೀಸ್ ಮಾರುತ್ತಿದ್ದರು. ಬೇಸಗೆಯಲ್ಲಿ ಸರಕು ಕೆಡುವುದನ್ನು ಕಂಡು ಬೇಸತ್ತ ಅವರು, ಚೀಸನ್ನು ಕಾಯಿಸಿ ಕಲಕಿ ಡಬ್ಬಿಯಲ್ಲಿ ತುಂಬುವ ತಮ್ಮದೇ ವಿಧಾನಕ್ಕೆ 1916ರಲ್ಲಿ ಪೇಟೆಂಟ್ ಪಡೆದರು. ನಮ್ಮ ಪೇಟೆಯ ಅಂಗಡಿಗಳಲ್ಲಿ ಚೌಕದ ಹಾಳೆಗಳಾಗಿ ಸಿಗುವ ಸಂಸ್ಕರಿತ ಚೀಸ್ ಇವುಗಳ ಸಂತತಿಯೇ.

ಎರಡನೆಯದು ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆ. ಇದರ ಕಥೆ ನಮಗೆ ಬಹಳ ಪ್ರಿಯವಾದುದು. ಯೆಹೂದ್ಯರು ಶನಿವಾರದ ತಮ್ಮ ವಿರಾಮದ ದಿನದಂದು ಒಲೆ ಹಚ್ಚುವಂತಿಲ್ಲ. ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ ಶುಕ್ರವಾರ ಸಂಜೆ ಕಾಳು, ಗೆಡ್ಡೆ, ಮಾಂಸ ತುಂಬಿದ ಮಡಕೆಯನ್ನು ಬೇಕರಿಯ ಒಲೆಯಲ್ಲಿಟ್ಟು ಬರುವುದು ವಾಡಿಕೆ. ಬೇಕರಿಯವನು ಬೆಂಕಿ ಆರಿಸಿದ ಮೇಲೂ ಉಳಿಯುವ ಕಾವಿನಲ್ಲಿ ಅದು ಮರುದಿನಕ್ಕೆ ಹದವಾಗಿ ಬೆಂದಿರುತ್ತಿತ್ತು. 'ಚೋಲೆಂಟ್' ಎಂಬ ಈ ಅಡಿಗೆಯ ಮಾತನ್ನು ತಾಯಿಯ ಬಾಯಿಂದ ಕೇಳಿದ ಅರ್ವಿಂಗ್ ನ್ಯಾಕ್ಸನ್ ಎಂಬ ಸಂಶೋಧಕರು, ಸುತ್ತಲೂ ಸಮವಾಗಿ ಕಾವು ಕೊಡುವ ವಿದ್ಯುತ್ ಪಾತ್ರೆಯೊಂದನ್ನು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದರು. ಅವರ ಚಿಕಾಗೋದ ಕಂಪೆನಿಯನ್ನು 1970ರಲ್ಲಿ ರೈವಲ್ ಸಂಸ್ಥೆ ಕೊಂಡುಕೊಂಡಿತು. 1971ರಲ್ಲಿ ಅದೇ ಪಾತ್ರೆ 'ಕ್ರಾಕ್ ಪಾಟ್' ಎಂಬ ಹೊಸ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಹೆಂಗಸರು ಹೊರಗೆ ಉದ್ಯೋಗಕ್ಕೆ ಹೋಗತೊಡಗಿದ ಕಾಲವದು. ಬೆಳಗ್ಗೆ ತುಂಬಿಸಿಟ್ಟು ಹೋದರೆ ಸಂಜೆಗೆ ಊಟ ಸಿದ್ಧ. ಅಜ್ಜಿಯ ಮಡಕೆಯೊಂದು ಸಾಗರ ದಾಟಿ ಮೊಮ್ಮಕ್ಕಳ ಅಡಿಗೆಮನೆಯಲ್ಲಿ ಹೀಗೆ ನೆಲೆಯಾಯಿತು.

ಇನ್ನು ಪಾಕಕ್ಕೆ ಬರೋಣ. ನಮ್ಮ ಓದುಗ ಬಂಧುಗಳಲ್ಲಿ ದನದ ಮಾಂಸವನ್ನು ಉಣ್ಣುವ ಮನೆಗಳೂ ಉಂಟು, ಅದರ ಹೆಸರನ್ನೂ ಎತ್ತದ ಮನೆಗಳೂ ಉಂಟು. ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಈ ಎರಡೂ ಮನೆಗಳ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವ ನಮಗೆ ಯಾರ ಊಟದ ಬಗೆಗೂ ತೀರ್ಪು ಕೊಡುವ ಮನಸ್ಸಿಲ್ಲ. ಗಡಿನಾಡಿನಲ್ಲಿ ಕಾನೂನಿನ ತೊಡಕೂ ಇದೆ: ಕೇರಳದಲ್ಲಿ ಬಳಕೆಯಲ್ಲಿರುವುದು ಮಹಾರಾಷ್ಟ್ರದಲ್ಲಿ 2015ರಿಂದ ಗೋವು, ಹೋರಿ, ಎತ್ತುಗಳ ಮಟ್ಟಿಗೆ ನಿಷಿದ್ಧ, ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನು 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಮಾತ್ರ ಹೊರಗಿರಿಸಿದೆ. ಔತಣ ಮಾಡುವವರು ತಮ್ಮ ತಮ್ಮ ರಾಜ್ಯದ ನಿಯಮವನ್ನು ತಿಳಿದಿರುವುದು ಲೇಸು. ಆಡು ಕುರಿಗಳ ಭುಜದ ಮಾಂಸಕ್ಕೂ ಈ ವಿಧಾನ ಒಗ್ಗುತ್ತದೆ.

ಆರಿಸಬೇಕಾದುದು ಬೆಲೆಬಾಳುವ ಮೆತ್ತನೆಯ ಭಾಗವನ್ನಲ್ಲ. ಭುಜ, ಕುತ್ತಿಗೆಗಳ ಗಡಸು ಭಾಗವನ್ನು. ಹೆಚ್ಚು ದುಡಿಯುವ ಸ್ನಾಯುವಿನಲ್ಲಿ ಕೊಲಾಜೆನ್ ಎಂಬ ಗಟ್ಟಿ ಪದಾರ್ಥ ಹೆಚ್ಚಾಗಿರುತ್ತದೆ. ಸುಮಾರು 70 ರಿಂದ 80 ಡಿಗ್ರಿ ಸೆಲ್ಸಿಯಸ್ ದಾಟಿದ ಬಳಿಕ, ತೇವದಲ್ಲಿ ಹಲವು ಗಂಟೆ ಬೆಂದಾಗ ಅದು ಕರಗಿ ಜಿಲೆಟಿನ್ ಆಗುತ್ತದೆ. ಎಳೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ, ರಸಕ್ಕೆ ಮಂದತೆ ಬರುತ್ತದೆ. ಅವಸರದ ಬೆಂಕಿಯಿಂದ ನೀರು ಬತ್ತೀತೇ ಹೊರತು ಈ ಕೆಲಸವಾಗದು. ಮೆತ್ತನೆಯ ದುಬಾರಿ ತುಂಡನ್ನು ಹೀಗೆ ಬೇಯಿಸಿದರೆ ಹುಲ್ಲು ಅಗಿದಂತಾಗುವುದಷ್ಟೇ.

20 ಮಂದಿಗೆ ಎಲುಬಿಲ್ಲದ ಮಾಂಸ 2.5 ಕಿಲೋ ಸಾಕು. ಬೆಂದ ಮೇಲೆ ತೂಕ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿದು, 1.5 ಕಿಲೋ ಉಳಿದರೆ ತಲಾ 75 ಗ್ರಾಂ ಆಯಿತು. ಅಂಗೈ ಗಾತ್ರದ ತುಂಡುಗಳಾಗಿಸಿ, 2 ದೊಡ್ಡ ಚಮಚ ಉಪ್ಪು, 1 ದೊಡ್ಡ ಚಮಚ ಒಡೆದ ಕರಿಮೆಣಸು ಸವರಿ, ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ ಕಾಯಿಸಿ ಎಲ್ಲ ಮೈಗಳನ್ನೂ ಕಂದು ಬಣ್ಣಕ್ಕೆ ತಿರುಗಿಸಬೇಕು. ಪರಿಮಳ ಹುಟ್ಟುವುದು ಇಲ್ಲಿಯೇ. ಈ ಹಂತವನ್ನು ಬಿಡಬಾರದು. ಬಳಿಕ ಹೆಚ್ಚಿದ ನೀರುಳ್ಳಿ 4, ಬೆಳ್ಳುಳ್ಳಿಯ ಎಸಳು 15, ಒಣಮೆಣಸು 5, ವಿನಿಗರ್ 2 ದೊಡ್ಡ ಚಮಚ, ನೀರು 1 ಲೀಟರ್. ಇಟಲಿಯವರು ಹಾಕುವ ಓರೆಗಾನೋ ಸೊಪ್ಪು ಸಿಗದಿದ್ದರೆ ನಮ್ಮ ಹಿತ್ತಲಿನ ದೊಡ್ಡಪತ್ರೆಯ ನಾಲ್ಕೈದು ಎಲೆಗಳನ್ನು ಕೈಯಲ್ಲಿ ಹಿಸುಕಿ ಹಾಕಿರಿ. ಎರಡರ ಘಮವೂ ಸಮೀಪದ್ದು. ಕುದಿ ಬಂದ ಮೇಲೆ ಮುಚ್ಚಳವಿಟ್ಟು, ಸಣ್ಣ ಉರಿಯಲ್ಲಿ ಮೂರೂವರೆ, ನಾಲ್ಕು ಗಂಟೆ. ಪ್ರೆಷರ್ ಕುಕ್ಕರಿನಲ್ಲಿ ಒಂದು ಗಂಟೆಯೊಳಗೆ ಆಗುತ್ತದೆ. ವಿದ್ಯುತ್ ಪಾತ್ರೆಯಾದರೆ ಮಂದ ಕಾವಿನಲ್ಲಿ ಎಂಟು ಗಂಟೆ ಹಿಡಿಯುವುದು, ನೀರೂ ಅರ್ಧದಷ್ಟು ಸಾಕಾಗುವುದು. ಮುಳ್ಳುಚಮಚ ತಿರುವಿದರೆ ಮಾಂಸ ಬಿಚ್ಚಿಕೊಳ್ಳಬೇಕು, ಅದೇ ಹದ.

ಔತಣದ ಅಡಿಗೆಯನ್ನು ಹಿಂದಿನ ದಿನವೇ ಮಾಡಿಡುವವರು ಈ ಮಾತನ್ನು ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇವೆ. ಮಾಂಸದ ರಸದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಎಂಬ ರೋಗಾಣುವಿನ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ದೊಡ್ಡ ಹಂಡೆಯನ್ನು ಹಾಗೆಯೇ ಮುಚ್ಚಿಟ್ಟರೆ ಅದರ ನಡುಭಾಗವು ಇಡೀ ರಾತ್ರಿ ಉಗುರುಬೆಚ್ಚಗೇ ಇದ್ದು, ಅವು ಮೊಳೆತು ಕೋಟಿಗಟ್ಟಲೆಯಾಗುತ್ತವೆ. ರುಚಿ, ವಾಸನೆ ಯಾವುದರಲ್ಲೂ ಸುಳಿವಿರುವುದಿಲ್ಲ. ಮರುದಿನ ನೆಂಟರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಹಸುಳೆಗಳಿಗೂ ವೃದ್ಧರಿಗೂ ಇದು ಆಪತ್ತೇ ಸರಿ. ಶಾಲೆಯ ಮಧ್ಯಾಹ್ನದೂಟವನ್ನು ಮಕ್ಕಳಿಗಿಂತ ಮುಂಚೆ ರುಚಿ ನೋಡಬೇಕಾದ ಹೊಣೆ ಹೊತ್ತ ನಾವು ಈ ವಿಷಯದಲ್ಲಿ ಸ್ವಲ್ಪ ಕಠಿಣರು. ಬೆಂದುದನ್ನು ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ ತಣಿಸಿ ಫ್ರಿಜ್ಜಿನಲ್ಲಿಡಬೇಕು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಒಂದೇ ಗಂಟೆಯ ಅವಧಿ ಎಂದು ತಿಳಿಯಿರಿ. ಮರುದಿನ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ತೆಗೆದು, ಕೊತಕೊತ ಕುದಿಸಿ, ಬಡಿಸಿ ಮುಗಿಯುವವರೆಗೂ 60 ಡಿಗ್ರಿಗಿಂತ ಮೇಲಿನ ಬಿಸಿಯಲ್ಲೇ ಇಡತಕ್ಕದ್ದು. ಫ್ರಿಜ್ಜಿಲ್ಲದ ಮನೆಯವರು ಅದೇ ದಿನ ಬೆಳಗ್ಗೆ ಒಲೆ ಹೂಡುವುದೇ ಕ್ಷೇಮ.

ಬೇಕರಿಯ ಸಿಹಿ ಬನ್ನು ರಸ ತಾಗಿದೊಡನೆ ಕರಗಿ ಕೈಗೆ ಬರುತ್ತದೆ. ತುಸು ಗಟ್ಟಿ ಸಿಪ್ಪೆಯ ಉದ್ದನೆಯ ರೊಟ್ಟಿ ಬೇಕು. ಸಿಗದಿದ್ದಲ್ಲಿ ಬನ್ನಿನ ಸೀಳಿದ ಮೈಯನ್ನು ಕಾವಲಿಯಲ್ಲಿ ಚೆನ್ನಾಗಿ ಕಾಯಿಸಿಕೊಳ್ಳಿ. ಬಿಡಿಸಿದ ಮಾಂಸವನ್ನು ರಸದಿಂದ ಹಿಂಡಿ ತೆಗೆದು ಹರಡಿ, ತಲಾ 20 ಗ್ರಾಂನಂತೆ ಚೀಸ್ ಇಟ್ಟು, ಒಂದು ನಿಮಿಷ ಮುಚ್ಚಳ ಮುಚ್ಚಿದರೆ ಅದು ಕರಗಿ ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಮೊದಲೇ ಮಾಡಿ ಜೋಡಿಸಿಡುವುದು ಬೇಡ. ಬಂದ ಬಂದವರಿಗೆ ಕಟ್ಟಿ ಕೊಡಿರಿ. ಚಿಕಾಗೋದವರು ಮೇಲೆ 'ಜಾರ್ದಿನಿಯೇರಾ' ಎಂಬ, ಹಸಿಮೆಣಸು, ಕ್ಯಾರೆಟ್, ಹೂಕೋಸುಗಳ ಉಪ್ಪಿನಕಾಯಿಯನ್ನು ಹಾಕುತ್ತಾರೆ. ನಮ್ಮ ಭರಣಿಗಳೇನು ಬರಿದಾಗಿವೆಯೇ?

ಮಾಂಸ ಮುಟ್ಟದವರಿಗೆ ಗುಜ್ಜೆ ಇದೆ. ಕಾಸರಗೋಡಿನ ತೋಟಗಳಲ್ಲಿ ಉದುರಿ ಕೊಳೆಯುವ ಎಳೆ ಹಲಸಿನ ಕಾಯಿಯನ್ನು ಅಮೆರಿಕದವರು ಇಂದು ಉಪ್ಪುನೀರಿನ ಡಬ್ಬಿಗಳಲ್ಲಿ ಹಣ ಕೊಟ್ಟು ಕೊಂಡು, ನೂಲಾಗಿ ಬಿಡಿಸಿ, ಮಾಂಸದ ಬದಲಿಗೆ ಇದೇ ಬಗೆಯ ಸ್ಯಾಂಡ್‌ವಿಚ್‌ಗಳಿಗೆ ಬಳಸುತ್ತಿದ್ದಾರೆ. 2018ರಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಗುಜ್ಜೆಯ ಬೆಲೆ ತಿಳಿಯಲು ನಮಗೆ ಅಷ್ಟು ದೂರದ ಸುದ್ದಿಯೂ ಬೇಕಾಯಿತು! ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಹೆಚ್ಚಿ, ಉಪ್ಪು ನೀರಿನಲ್ಲಿ ಬೇಯಿಸಿ, ಒತ್ತಿ ನೀರು ತೆಗೆದು, ಮೇಲೆ ಹೇಳಿದ ಮಸಾಲೆಯಲ್ಲಿ ಅರ್ಧ ಗಂಟೆ ಹುದುಗಿಸಿದರೆ ಎಳೆ, ಬಣ್ಣ ಎರಡೂ ಒದಗುತ್ತವೆ. ಸಸಾರಜನಕ ಮಾತ್ರ ಇದರಲ್ಲಿ ಬಹಳ ಕಡಿಮೆ. ಚೀಸನ್ನು ತುಸು ಹೆಚ್ಚಿಸಿ, ಪಕ್ಕದಲ್ಲಿ ಒಂದು ಹಿಡಿ ಹುರಿದ ನೆಲಗಡಲೆ ಇಟ್ಟರೆ ಆ ಕೊರತೆ ನೀಗುತ್ತದೆ. ಎರಡೂ ಬಗೆಯನ್ನು ಮಾಡುವವರು ಪಾತ್ರೆ, ಚಮಚ, ಕಾವಲಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮಾಂಸ ಮುಗಿದ ಮೇಲೆಯೂ ತಳದಲ್ಲಿ ಒಂದೆರಡು ಸೇರು ರಸ ಉಳಿಯುತ್ತದೆ. ಅದನ್ನು ಚೆಲ್ಲಬೇಡಿ. ಸೋಸಿ, ಕುದಿಸಿ, ತಣಿಸಿಟ್ಟು ಮರುದಿನ ಕುಸುಬಲಕ್ಕಿ ಅನ್ನಕ್ಕೆ ಹಾಕಿಕೊಂಡರೆ ಮನೆಮಂದಿಯ ಮಧ್ಯಾಹ್ನದ ಊಟ ಕಳೆಯುತ್ತದೆ.