ಬಾಂಡ್ ದ್ವೀಪ ನೋಡಲು ಹೋಗಿ ಪಾಸ್‌ಪೋರ್ಟ್ ಅಡವಿಟ್ಟ ಕಥೆ!

ದ್ವೀಪ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಹೇಳಿ? ನೀಲಿ ಸಮುದ್ರ, ಬಿಳಿ ಮರಳು, ತೆಂಗಿನ ಮರದ ಸುತ್ತ ಹಾಡಿ ಕುಣಿಯುವ ನಾಯಕ-ನಾಯಕಿ! ವಿಲನ್ ಬಂದರೂ ಚಿಂತೆಯಿಲ್ಲ, ಕೊನೆಯ ರೀಲಿನಲ್ಲಿ ಅವನಿಗೆ ಒದೆ ಗ್ಯಾರಂಟಿ. ಆದರೆ ಮಿತ್ರರೇ, ನಾನು ಕಂಡ ದ್ವೀಪದಲ್ಲಿ ವಿಲನ್ ನಗುನಗುತ್ತಾ ಬಂದು ಹೆಗಲ ಮೇಲೆ ಕೈ ಹಾಕಿದ. ಒದೆಯೂ ಬೀಳಲಿಲ್ಲ, ಫೈಟೂ ಇರಲಿಲ್ಲ. ಕತ್ತರಿ ಬಿದ್ದದ್ದು ಮಾತ್ರ ನಮ್ಮ ಜೇಬಿಗೆ!

ಈ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. 1978ರಲ್ಲಿ ವಿಷ್ಣುವರ್ಧನ್-ದ್ವಾರಕೀಶ್ ಜೋಡಿಯ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಬಂದಾಗ ಅಪ್ಪ ನಾಲ್ಕು ಸಲ ನೋಡಿದ್ದರಂತೆ. "ಫಾರಿನ್ ಅಂದ್ರೆ ಅದು ಕಣೋ" ಅಂತ ಇವತ್ತಿಗೂ ಹೇಳ್ತಾರೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಶೂಟಿಂಗ್ ಸುದ್ದಿ ಬರೆಯುತ್ತಾ ಗಾಂಧಿನಗರ ಸುತ್ತುವ ನನ್ನಂಥವನಿಗೆ ಫಾರಿನ್ ಎಲ್ಲಿಂದ ಬರಬೇಕು? ಎರಡು ವರ್ಷ ಚೀಟಿ ಕಟ್ಟಿದೆ. ಚೀಟಿ ಎತ್ತಿದ ದಿನವೇ ಟಿಕೆಟ್! 2023ರ ಡಿಸೆಂಬರ್‌ನಲ್ಲಿ ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ ಹಾರಿದೆ. ಜೊತೆಗೆ ಸ್ಟಿಲ್ ಫೋಟೋಗ್ರಾಫರ್ ಒಬ್ಬರ ಹತ್ತಿರ ಅಸಿಸ್ಟೆಂಟ್ ಆಗಿರುವ ನನ್ನ ಗೆಳೆಯ. ಊರು ಭದ್ರಾವತಿ, ಬಾಯಿ ಬೊಂಬಾಯಿ!

ಕಲ್ಲಿನ ಹೀರೋ

ಫುಕೆಟ್‌ಗೇ ಯಾಕೆ? ಅಲ್ಲಿಂದ ದೋಣಿ ಹತ್ತಿದರೆ ಫಾಂಗ್ ನ್ಗಾ ಕೊಲ್ಲಿ. 1974ರ ಬಾಂಡ್ ಚಿತ್ರ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್’ನಲ್ಲಿ ವಿಲನ್ ಕ್ರಿಸ್ಟೋಫರ್ ಲೀಯ ಅಡಗುತಾಣ ಅಲ್ಲಿಯ ಖಾವ್ ಫಿಂಗ್ ಕಾನ್ ದ್ವೀಪ. ರೋಜರ್ ಮೂರ್ ಬಂದು ಹೋದ ಮೇಲೆ ಆ ಹೆಸರು ಯಾರಿಗೂ ಬೇಡವಾಯಿತು. ಎಲ್ಲರಿಗೂ ಅದು ‘ಜೇಮ್ಸ್ ಬಾಂಡ್ ದ್ವೀಪ’! ಅದರೆದುರು ನೀರಿನಲ್ಲಿ ಮೊಳೆ ಹೊಡೆದ ಹಾಗೆ ನಿಂತಿದೆ ಕೋ ತಪು ಬಂಡೆ, ಸುಮಾರು 20 ಮೀಟರ್ ಎತ್ತರ. ಬುಡ ಸವೆಯುತ್ತಿದೆ ಅಂತ 1998ರಿಂದ ದೋಣಿಗಳನ್ನು ಅದರ ಹತ್ತಿರ ಬಿಡುವುದಿಲ್ಲ.

ಇನ್ನೊಂದು ಕಡೆ ಫಿ ಫಿ ದ್ವೀಪಗಳ ಮಾಯಾ ಬೇ. 2000ದಲ್ಲಿ ಬಂದ ಡಿಕ್ಯಾಪ್ರಿಯೋನ ‘ದಿ ಬೀಚ್’ ಚಿತ್ರದ ಜಾಗ. ಸಿನಿಮಾ ನೋಡಿದ ಜನ ಮುಗಿಬಿದ್ದು ಹವಳವನ್ನೆಲ್ಲ ಹಾಳು ಮಾಡಿದರು. 2018ರಲ್ಲಿ ಸರ್ಕಾರ ಬೀಗ ಹಾಕಿತು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಪ್ರವಾಸಿಯ ಬ್ಯಾಗನ್ನು ಕಳ್ಳ ಕದಿಯುತ್ತಾನೆ. ಪ್ರವಾಸಿಗಳೇ ಒಂದು ದ್ವೀಪವನ್ನು ಕದ್ದರೆ ಯಾರಿಗೆ ದೂರು ಕೊಡೋದು?

"ಪಾಸ್‌ಪೋರ್ಟ್ ಪ್ಲೀಸ್!"

ಎರಡನೇ ದಿನ ಬಾಡಿಗೆಗೆ ಸ್ಕೂಟರ್ ತಗೊಂಡೆವು. ಅಂಗಡಿಯವನು ನಗುತ್ತಾ ಕೈ ಚಾಚಿದ, "ಪಾಸ್‌ಪೋರ್ಟ್ ಪ್ಲೀಸ್, ಡೆಪಾಸಿಟ್!" ನಾನು ಗಿರವಿ ಅಂಗಡಿಯಲ್ಲಿ ಉಂಗುರ ಇಟ್ಟ ಹಾಗೆ ಕೊಟ್ಟುಬಿಟ್ಟೆ. ಅವನು ಡ್ರಾಯರ್‌ಗೆ ಹಾಕಿ ಬೀಗ ಜಡಿದ.

ನನ್ನ ಗೆಳೆಯನಿಗೆ ಸೆಟ್ಟಿನ ಚಟ. ಶಾಟ್ ಮೊದಲು ‘ಕಂಟಿನ್ಯೂಟಿ’ ಫೋಟೋ ತೆಗೀತಾರಲ್ಲ, ನಾಯಕಿಯ ಬಳೆ ಎಷ್ಟು, ನಾಯಕನ ಗುಂಡಿ ಯಾವುದು ಬಿಚ್ಚಿದೆ ಅಂತ? ಹಾಗೆ ಸ್ಕೂಟರನ್ನು ನಾಲ್ಕೂ ಕಡೆಯಿಂದ ಕ್ಲಿಕ್ಕಿಸಿದ. "ಲೋ, ಇದೇನು ಹೀರೋಯಿನ್ನಾ?" ಅಂತ ನಾನು ನಕ್ಕೆ. ಆ ನಗುವಿಗೆ ಬಡ್ಡಿ ಸಮೇತ ಕಟ್ಟಬೇಕಾಯಿತು.

ಇಂಟರ್ವಲ್: ಬ್ಯಾಗ್ ಮಾಯ!

ನಾಲ್ಕನೇ ದಿನ, ಕೊನೆಯ ದಿನ. ರಾತ್ರಿ ವಿಮಾನ. ಬೆಳಗ್ಗೆ ಕೊನೆಯ ಸಲ ಅಂತ ಇಬ್ಬರೂ ಸಮುದ್ರಕ್ಕೆ ಇಳಿದೆವು. ಬ್ಯಾಗ್ ಮರಳಿನ ಮೇಲೆ, ಅದರ ಮೇಲೆ ಟವೆಲ್. ಸಿನಿಮಾದಲ್ಲಿ ಯಾರಾದರೂ ಹೀರೋನ ಬ್ಯಾಗ್ ಕದ್ದಿದ್ದು ನೋಡಿದ್ದೀರಾ? ನಾವೂ ನೋಡಿರಲಿಲ್ಲ. ಹತ್ತು ನಿಮಿಷ ಬಿಟ್ಟು ತಿರುಗಿದರೆ ಟವೆಲ್ ಇದೆ, ಬ್ಯಾಗ್ ಇಲ್ಲ! ಆರು ಸಾವಿರ ಬಾತ್ ಮತ್ತು ಗೆಳೆಯನ ಫೋನು ಎರಡೂ ಹೋಯಿತು.

ಜೋಳ ಸುಡುತ್ತಿದ್ದ ಅಜ್ಜಿಯೊಬ್ಬಳು ನಮ್ಮ ಮುಖ ನೋಡಿ ತನ್ನ ಗಾಡಿ ಬಿಟ್ಟು ಎದ್ದಳು. ಮರಗಳ ಹಿಂದೆ ಹುಡುಕಿ ಬರೀ ಬ್ಯಾಗ್ ತಂದುಕೊಟ್ಟಳು. ಒಳಗೆ ಗೆಳೆಯನ ಪಾಸ್‌ಪೋರ್ಟ್ ಮತ್ತು ಮನೆ ಬೀಗದ ಕೈ ಮಾತ್ರ. ದುಡ್ಡು ಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅವಳು ತಾನೇ ಎರಡು ಬಾಟಲಿ ನೀರು ಕೊಟ್ಟು ಕಳಿಸಿದಳು. ಆ ಊರಿನವರೆಲ್ಲ ಕಳ್ಳರು ಅಂತ ಯಾರಾದರೂ ಅಂದರೆ ನನಗೆ ಆ ಅಜ್ಜಿ ನೆನಪಾಗುತ್ತಾಳೆ.

ಕ್ಲೈಮ್ಯಾಕ್ಸ್

ಸಂಜೆ ಸ್ಕೂಟರ್ ವಾಪಸ್ಸು ಕೊಟ್ಟೆವು. ಮೊದಲ ದಿನದ ನಗು ಈಗ ಇರಲಿಲ್ಲ. ಅಂಗಡಿಯವನು ಬಗ್ಗಿ, ಎಡಗಡೆ ಒಂದು ಗೀರಿನ ಮೇಲೆ ಬೆರಳಿಟ್ಟ. "ಟ್ವೆಂಟಿ ಥೌಸಂಡ್ ಬಾತ್!" ಅಂದರೆ ಸುಮಾರು 47 ಸಾವಿರ ರೂಪಾಯಿ! "ಅದು ಮೊದಲೇ ಇತ್ತು" ಅಂದೆ. "ಮನಿ ಫಸ್ಟ್, ಪಾಸ್‌ಪೋರ್ಟ್ ಆಫ್ಟರ್" ಅಂದ. ಇನ್ನಿಬ್ಬರು ಬಂದು ಬಾಗಿಲ ಹತ್ತಿರ ನಿಂತರು.

ಪೊಲೀಸರನ್ನು ಕರೆಯೋಣವೇ? ನನ್ನ ಕಾಲು ನಡುಗಿತು. ಯಾಕೆ ಗೊತ್ತಾ? ನಮ್ಮೂರಿನ ಡ್ರೈವಿಂಗ್ ಲೈಸೆನ್ಸ್ ಒಂದೇ ಅಲ್ಲಿ ಸಾಲದು, ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ನಾನು ಮಾಡಿಸಿರಲಿಲ್ಲ. ಈ ಆಟದ ಗುಟ್ಟೇ ಇದು ಕಣ್ರೀ. ನಮ್ಮ ತಪ್ಪು ನಮಗೆ ಗೊತ್ತಿರುತ್ತೆ, ವಿಮಾನದ ಹೊತ್ತೂ ಆಗಿರುತ್ತೆ, ಬಾಯಿ ಮುಚ್ಚಿ ದುಡ್ಡು ಕೊಡ್ತೀವಿ ಅಂತ ಅವರಿಗೂ ಗೊತ್ತು.

ಕಂಟಿನ್ಯೂಟಿ ಫೋಟೋ ಇತ್ತಲ್ಲ ಅಂತೀರಾ? ಆ ಫೋನು ಕಳ್ಳನ ಜೇಬಿನಲ್ಲಿ!

ಅಷ್ಟರಲ್ಲಿ ಗೆಳೆಯ ನನ್ನ ಫೋನು ಕಿತ್ತುಕೊಂಡ. "ತಡಿಯೋ ಗುರು... ಜಂಬ ಕೊಚ್ಚೋಕೆ ಅಕ್ಕನಿಗೆ ಕಳಿಸಿದ್ದೆ!" ಭದ್ರಾವತಿಗೆ ಫೋನು. ಅಲ್ಲಿ ಇನ್ನೂ ಸಂಜೆ ನಾಲ್ಕೂವರೆ, ನಮಗಿಂತ ಒಂದೂವರೆ ಗಂಟೆ ಹಿಂದೆ. "ಏನೋ ಆಯ್ತು? ಊಟ ಮಾಡಿದ್ಯಾ?" ಅಂದರು ಅಕ್ಕ. "ಅಕ್ಕಾ, ಸ್ಕೂಟರ್ ಫೋಟೋ ಕಳಿಸು, ಬೇಗ!" ಎರಡೇ ನಿಮಿಷ. ಬಂತು ಫೋಟೋ! ಎಡಗಡೆ, ಅದೇ ಗೀರು, ಎರಡನೇ ದಿನದ ತಾರೀಖಿನ ಸಮೇತ!

ಧೈರ್ಯ ಮಾಡಿ 1155ಕ್ಕೆ ಫೋನು ಹಚ್ಚಿದೆ. ಅದು ಥಾಯ್ಲೆಂಡಿನ ಪ್ರವಾಸಿ ಪೊಲೀಸರ ನಂಬರ್. ಒಬ್ಬ ಅಧಿಕಾರಿ ಬಂದರು. ಫೋಟೋ ನೋಡಿದರು, ಗೀರು ನೋಡಿದರು, ಅಂಗಡಿಯವನಿಗೆ ನಾಲ್ಕು ಮಾತು ಹೇಳಿದರು. ಡ್ರಾಯರ್ ತೆರೆಯಿತು! ಪರ್ಮಿಟ್ ಇಲ್ಲದ್ದಕ್ಕೆ ನನಗೂ ಸರಿಯಾಗಿ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡೆ, ಬೈಗುಳ ಕೇಳಲು ಹಿತವಾಗಿದ್ದು ಜೀವನದಲ್ಲಿ ಅದೊಂದೇ ಸಲ!

ಹೊರಡುವ ಮುನ್ನ ಕೇಳಿ

ಪಾಸ್‌ಪೋರ್ಟನ್ನು ಯಾರಿಗೂ ಅಡವಿಡಬೇಡಿ. ಅದು ನಿಮ್ಮದಲ್ಲ! 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಸೊತ್ತು. ಕೇಳಿದವರಿಗೆ ಜೆರಾಕ್ಸ್ ಕೊಡಿ, ಸ್ವಲ್ಪ ಡೆಪಾಸಿಟ್ ಹಣ ಕೊಡಿ. ಒಪ್ಪದಿದ್ದರೆ ಮುಂದಿನ ಅಂಗಡಿ. ಕಳೆದೇಹೋದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತದ ರಾಯಭಾರ ಕಚೇರಿ. ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ.

ಇಂಟರ್‌ನ್ಯಾಷನಲ್ ಪರ್ಮಿಟ್ ನಮ್ಮ ಆರ್.ಟಿ.ಓ. ಕಚೇರಿಯಲ್ಲೇ ಸಿಗುತ್ತೆ, ಒಂದು ವರ್ಷ ನಡೆಯುತ್ತೆ. ಅದಿಲ್ಲದೆ ಬಿದ್ದರೆ ವಿಮೆಯವರೂ ಕೈ ಎತ್ತುತ್ತಾರೆ. ನೀರಿನ ಮೇಲೆ ಓಡುವ ಜೆಟ್‌ಸ್ಕಿಗೂ ಇದೇ ‘ಗೀರು’ ನಾಟಕ ಉಂಟು. ಏನನ್ನೇ ಬಾಡಿಗೆಗೆ ತಗೊಂಡರೂ ಮೊದಲು ಫೋಟೋ, ಆ ಫೋಟೋ ಊರಿಗೂ ಒಂದು ಪ್ರತಿ! ಬೀಚಿನಲ್ಲಿ ಒಬ್ಬರು ಈಜಲಿ, ಒಬ್ಬರು ಬ್ಯಾಗ್ ಕಾಯಲಿ.

ಕಳ್ಳನಿಗಿಂತ ದೊಡ್ಡವನು ಸಮುದ್ರ. ಅಲ್ಲಿಯೂ ನಮ್ಮ ಕರಾವಳಿಯ ಹಾಗೆ ಮುಂಗಾರು ಅಬ್ಬರಿಸುತ್ತೆ. 2018ರ ಜುಲೈ 5ರಂದು ಫುಕೆಟ್ ಬಳಿ ಬಿರುಗಾಳಿಗೆ ಸಿಕ್ಕು ‘ಫೀನಿಕ್ಸ್’ ದೋಣಿ ಮುಳುಗಿ 47 ಮಂದಿ ಚೀನೀ ಪ್ರವಾಸಿಗಳು ಸತ್ತರು. ಕೆಂಪು ಬಾವುಟ ಹಾರಿದರೆ ನೀರಿಗೆ ಇಳಿಯಬೇಡಿ. ಮಳೆಗಾಲದಲ್ಲಿ ನಮ್ಮ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲಿಸುವುದೂ ಸುಮ್ಮನೆ ಅಲ್ಲ.

ಊರಿಗೆ ಬಂದು ಅಪ್ಪನ ಮುಂದೆ ನನ್ನ ಫೋನಿನಲ್ಲಿ ಉಳಿದಿದ್ದ ಫೋಟೋ ಹಿಡಿದೆ. ಬಾಂಡ್ ಬಂಡೆಯ ಫೋಟೋ ಬರುವ ಮೊದಲೇ ಸ್ಕೂಟರ್ ಫೋಟೋ ಬಂತು. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಷ್ಟು ದುಡ್ಡು ಖರ್ಚು ಮಾಡಿ ಹೋಗಿ, ಗೀರು ಬಿದ್ದ ಸ್ಕೂಟರ್ ಫೋಟೋ ತೆಗೆದ್ಯೇನೋ?"

ಹೌದು ಅಪ್ಪಾ. ಇಡೀ ಪ್ರವಾಸದಲ್ಲಿ ತೆಗೆದ ಒಳ್ಳೆ ಫೋಟೋ ಅದೊಂದೇ. ಅದನ್ನೂ ತೆಗೆದವನು ನಾನಲ್ಲ!