ಕೈ ಬದಲಿಸಿದ ಕ್ಯಾಮೆರಾ: ಸಮುದಾಯ ಛಾಯಾಗ್ರಹಣ ಮತ್ತು ಬಿಡುಗಡೆಯ ಅರ್ಥ

ಸ್ವಾತಂತ್ರ್ಯವೆಂಬ ಪದಕ್ಕೆ ಕಾನೂನಿನಲ್ಲಿ ನಿಶ್ಚಿತ ಅರ್ಥವಿದ್ದರೆ ದಿನನಿತ್ಯದ ಬದುಕಿನಲ್ಲಿ ಹಲವು ಅರ್ಥಗಳಿವೆ. ಈ ಅರ್ಥಗಳನ್ನು ಜನರಿಂದಲೇ ಅರಿಯುವ ವಿಧಾನಗಳಲ್ಲಿ ಸಮುದಾಯ ಛಾಯಾಗ್ರಹಣವೂ ಒಂದು. ಕ್ಯಾಮೆರಾವನ್ನು ಜನರತ್ತ ತಿರುಗಿಸುವ ಬದಲು ಅವರ ಕೈಗೇ ಒಪ್ಪಿಸುವುದು ಇದರ ತಿರುಳು.

ಈ ಪಲ್ಲಟದ ಮಹತ್ವವನ್ನು ಗ್ರಹಿಸಲು ವಸಾಹತುಶಾಹಿ ಕಾಲದ ದಾಖಲೀಕರಣವನ್ನು ನೆನೆಯಬೇಕು. 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ಮನುಷ್ಯರು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ನಿಂತರು. ಚಿತ್ರ ಅವರದು, ಚಿತ್ರದ ಕುರಿತ ಮಾತು ಆಳುವವರದು. ಜಾನಪದ ಕ್ಷೇತ್ರಕಾರ್ಯವೂ ಈ ನೆರಳಿನಿಂದ ಪೂರ್ಣವಾಗಿ ಹೊರತಾದುದಲ್ಲ.

ಇದಕ್ಕೆ ಪ್ರತಿಯಾದ ನೆಲೆಯೊಂದು 1992ರಲ್ಲಿ ಚೀನಾದ ಯುನಾನ್ ಪ್ರಾಂತ್ಯದಲ್ಲಿ ರೂಪುಗೊಂಡಿತು. ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರ್ರಿಸ್ ಅವರು ಫೋರ್ಡ್ ಪ್ರತಿಷ್ಠಾನದ ನೆರವಿನ ಯೋಜನೆಯಲ್ಲಿ 62 ಗ್ರಾಮೀಣ ಮಹಿಳೆಯರಿಗೆ ಕ್ಯಾಮೆರಾ ನೀಡಿದರು. ಮುಂದೆ ‘ಫೋಟೋವಾಯ್ಸ್’ ಎಂದು ಹೆಸರಾದ ಈ ವಿಧಾನದ ಹಿಂದೆ ಪಾಲೊ ಫ್ರೇರೆಯ ಶಿಕ್ಷಣ ಚಿಂತನೆ ಹಾಗೂ ಸ್ತ್ರೀವಾದದ ಪ್ರೇರಣೆಗಳಿದ್ದವು. ಚಿತ್ರ ತೆಗೆದವರು ಗುಂಪಿನಲ್ಲಿ ಕುಳಿತು ಚರ್ಚಿಸುತ್ತಿದ್ದರು. ಇಲ್ಲಿ ಕಾಣುವುದೇನು, ನಡೆಯುತ್ತಿರುವುದೇನು, ಇದು ನಮ್ಮ ಬದುಕಿಗೆ ಹೇಗೆ ಸಂಬಂಧಿಸುತ್ತದೆ, ಹೀಗೇಕೆ ಇದೆ, ನಾವೇನು ಮಾಡಬಹುದು ಎಂಬ ಪ್ರಶ್ನೆಗಳು ಈ ವಿಧಾನದ ಮೆಟ್ಟಿಲುಗಳಾದವು. ಹೀಗಾಗಿ ಓದುಬರಹವಿಲ್ಲದಿರುವುದು ಮಾತಿಗೆ ಅಡ್ಡಿಯಾಗಲಿಲ್ಲ.

ಯೋಜನೆಯ ಘೋಷಿತ ವಿಷಯ ಮಹಿಳೆಯರ ಆರೋಗ್ಯವೇ ಹೊರತು ಸ್ವಾತಂತ್ರ್ಯವಲ್ಲ. ಆದರೂ ತಾಯಿ ಕಳೆ ಕೀಳುವಾಗ ಹೊಲದಂಚಿನಲ್ಲಿ ಒಂಟಿಯಾಗಿ ಮಲಗಿದ ಕೂಸಿನ ಚಿತ್ರ ಬೇರೆಯದೇ ಸಂಗತಿಯನ್ನು ಹೇಳುತ್ತದೆ. ದುಡಿಮೆ ಮತ್ತು ತಾಯ್ತನಗಳಲ್ಲಿ ಒಂದಕ್ಕಾಗಿ ಇನ್ನೊಂದನ್ನು ಪಣಕ್ಕಿಡದೆ ಬದುಕುವುದೇ ಆ ತಾಯಿಯ ಪಾಲಿನ ಬಿಡುಗಡೆ. ಈ ಚರ್ಚೆಗಳು ಶಿಶುಪಾಲನೆ, ಸೂಲಗಿತ್ತಿಯರ ತರಬೇತಿ, ಹೆಣ್ಣುಮಕ್ಕಳ ವಿದ್ಯಾರ್ಥಿವೇತನಗಳ ಏರ್ಪಾಡಿಗೆ ನೆರವಾದವು ಎಂಬುದು ಗಮನಾರ್ಹ.

ಈ ವಿಧಾನಕ್ಕೆ ಮಿತಿಗಳೂ ಇವೆ. ಚಿತ್ರಗಳನ್ನು ಆಯುವವರು, ಪ್ರದರ್ಶಿಸುವವರು ಹೊರಗಿನವರೇ ಆದರೆ ಹಳೆಯ ಯಜಮಾನಿಕೆ ಹೊಸ ವೇಷದಲ್ಲಿ ಮರಳುತ್ತದೆ. ಚಿತ್ರದಲ್ಲಿರುವವರ ಒಪ್ಪಿಗೆ, ಚಿತ್ರದ ಒಡೆತನ, ಅದು ಪ್ರಕಟವಾದ ಬಳಿಕ ಊರಿನಲ್ಲಿ ಎದುರಾಗಬಹುದಾದ ಅಪಾಯ, ಇವು ಮೊದಲೇ ಇತ್ಯರ್ಥವಾಗಬೇಕು. ಮೊಬೈಲ್ ಕ್ಯಾಮೆರಾ ಎಲ್ಲೆಡೆ ಹರಡಿರುವ ಇಂದು ಈ ಎಚ್ಚರ ಇನ್ನಷ್ಟು ಅಗತ್ಯ. ಚಿತ್ರ ತೆಗೆಯುವ ಹಕ್ಕಿನಷ್ಟೇ ಚಿತ್ರವಾಗಲು ಒಲ್ಲೆನೆನ್ನುವ ಹಕ್ಕೂ ಸ್ವಾತಂತ್ರ್ಯದ ಭಾಗ. ಜಾನಪದ ಅಧ್ಯಯನವು ಜನರನ್ನು ವಕ್ತೃಗಳೆಂದಷ್ಟೇ ಅಲ್ಲದೆ ತಮ್ಮ ಬದುಕಿನ ವ್ಯಾಖ್ಯಾನಕಾರರೆಂದೂ ಒಪ್ಪಿದಾಗ ಮಾತ್ರ ಈ ವಿಧಾನ ಸಾರ್ಥಕವಾದೀತು.