ತರಕಾರಿ ತೋಟದಲ್ಲಿ ಇಲಿಗಳ ಹಾವಳಿ ಮತ್ತು ನಿವಾರಣೆ



ಬಳ್ಳಿ ಹಸಿರಾಗಿಯೇ ಇದ್ದು, ಅಗೆದು ನೋಡಿದರೆ ಗೆಣಸು ಅರೆತಿಂದಿರುವುದನ್ನು ನೀವು ಕಂಡಿರಬಹುದು. ಟೊಮೇಟೊ ಕೆಂಪಾಗುವ ಹೊತ್ತಿಗೆ ಕಚ್ಚಿ ಬಿದ್ದಿರುತ್ತದೆ. ಬಿತ್ತಿದ ಕುಂಬಳದ ಬೀಜ ಮೊಳೆಯುವ ಮೊದಲೇ ಮಾಯವಾಗಿರುತ್ತದೆ. ಇದೆಲ್ಲ ಇಲಿ ಹೆಗ್ಗಣಗಳ ಕೆಲಸ. ಇದನ್ನು ಕಂಡ ಕೂಡಲೇ ಅಂಗಡಿಗೆ ಹೋಗಿ ಪಾಷಾಣ ತರುವುದು ಅನೇಕರ ರೂಢಿ. ಆದರೆ ಪಾಷಾಣವು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ನಮ್ಮ ಹೊಲಗಳಲ್ಲಿ ಬಹಳ ಕಾಟ ಕೊಡುವುದು ಬಿಲ ತೋಡುವ ಸಣ್ಣ ಹೆಗ್ಗಣ. ಹೆಣ್ಣು ಗಬ್ಬವಾದ ಸುಮಾರು ೩ ವಾರಗಳಲ್ಲಿ ಈಯುತ್ತದೆ. ಒಂದು ಸೂಲಿಗೆ ೬ರಿಂದ ೮ ಮರಿಗಳು ಸಾಮಾನ್ಯ. ಆದ್ದರಿಂದ ಹತ್ತನ್ನು ಕೊಂದು ಎರಡನ್ನು ಉಳಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಆಶ್ರಯ ತಪ್ಪಿಸಿ: ತೋಟದ ಸುತ್ತಲಿನ ಕಳೆ, ಕಲ್ಲುಗುಡ್ಡೆ, ಹಳೆಯ ಸೌದೆಗಳನ್ನು ತೆಗೆಯಿರಿ. ಬದುಗಳನ್ನು ಅಗಲವಾಗಿ ಬಿಡದೆ ಸವರಿ ಕಿರಿದು ಮಾಡಿ. ಉದುರಿದ ಹಣ್ಣುಕಾಯಿಗಳನ್ನು ಸಂಜೆಯೇ ಆರಿಸಿ. ಕೋಳಿಗೆ ಹಾಕಿದ ಕಾಳು ರಾತ್ರಿ ನೆಲದಲ್ಲಿ ಉಳಿಯಬಾರದು.

ಬಿಲ ಗುರುತಿಸಿ: ಸಂಜೆ ಎಲ್ಲ ಬಿಲಗಳ ಬಾಯನ್ನೂ ಮಣ್ಣಿನಿಂದ ಮುಚ್ಚಿ ಸಮ ಮಾಡಿ. ಬೆಳಿಗ್ಗೆ ಬಾಯಿ ತೆರೆದಿದ್ದರೆ, ಇಲ್ಲವೆ ಹೊಸ ಮಣ್ಣು ಗುಡ್ಡೆಯಾಗಿದ್ದರೆ, ಆ ಬಿಲದಲ್ಲಿ ಇಲಿ ಇದೆ. ಇದನ್ನು ತಿಳಿಯದೆ ಕಂಡ ಕಂಡಲ್ಲಿ ಅಗೆದರೆ ಬೆಟ್ಟ ಅಗೆದು ಇಲಿ ಹಿಡಿದಂತಾದೀತು. ಬಿಲದೊಳಗೆ ಹಾವು ಇರಬಹುದು. ಎಂದಿಗೂ ಕೈ ಹಾಕಬೇಡಿ.

ಬೋನು ಇಡಿ: ಕೊಬ್ಬರಿ ಚೂರು ಅಥವಾ ಹುರಿದ ಕಡಲೆಕಾಯಿ ಇಟ್ಟು, ಮೊದಲ ೨-೩ ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿಡಿ. ಇಲಿ ಹೊಸ ವಸ್ತುವನ್ನು ಶಂಕಿಸುವ ಪ್ರಾಣಿ. ಅದಕ್ಕೆ ನಂಬಿಕೆ ಬಂದ ಮೇಲೆ ಬೋನು ಹೂಡಿ. ಮನೆಯ ಹಿತ್ತಲಿಗೆ ಇದೇ ಉತ್ತಮ.

ಪಾಷಾಣದ ವಿಚಾರ: ಸತುವಿನ ಫಾಸ್ಫೈಡಿಗೆ ಪ್ರತಿವಿಷವಿಲ್ಲ. ಮಕ್ಕಳು, ಕೋಳಿ, ನಾಯಿ ಓಡಾಡುವ ಕಡೆ ಅದನ್ನು ಬಳಸಲೇಬಾರದು. ಸ್ವಲ್ಪ ತಿಂದು ಬದುಕಿದ ಇಲಿ ಮತ್ತೆ ಅದನ್ನು ಮುಟ್ಟುವುದೂ ಇಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆಯ ವಿಷ ನಿಧಾನವಾಗಿ ಕೆಲಸ ಮಾಡುವುದರಿಂದ ಇಲಿಗೆ ಶಂಕೆ ಬರುವುದಿಲ್ಲ. ಅದಕ್ಕೆ ಕೆ೧ ಜೀವಸತ್ವದ ಚಿಕಿತ್ಸೆಯೂ ಇದೆ. ಆದರೂ ಅದು ವಿಷವೇ. ಬಳಸುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೈಗೆ ಕವಚ ಧರಿಸಿ, ಇಲಿ ಇರುವ ಬಿಲದ ಒಳಕ್ಕೆ ಮಾತ್ರ ಹಾಕಿ. ಬಯಲಲ್ಲಿ ಚೆಲ್ಲಬೇಡಿ. ಯಾರಾದರೂ ಅಕಸ್ಮಾತ್ತಾಗಿ ತಿಂದರೆ, ಡಬ್ಬಿಯ ಸಮೇತ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಿ. ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ, ಕೈಕಾಲಿನ ಗಾಯದ ಮೂಲಕ ಇಲಿ ಜ್ವರದ ರೋಗಾಣು ದೇಹ ಸೇರುತ್ತದೆ. ತೋಟದ ಕೆಲಸದ ನಂತರ ಸೋಪಿನಿಂದ ತೊಳೆದುಕೊಳ್ಳಿ. ಜ್ವರ, ಮೈಕೈ ನೋವು ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಹೊಲದಲ್ಲಿ ಇಲಿ ಇರುವುದನ್ನು ವೈದ್ಯರಿಗೆ ತಿಳಿಸಿ.

ನಿಮ್ಮ ಮಿತ್ರರು: ಕೇರೆ ಹಾವಿಗೆ ವಿಷವಿಲ್ಲ, ಅದರ ಆಹಾರವೇ ಇಲಿ. ಗೂಬೆಯನ್ನು ಅಪಶಕುನವೆಂದು ಓಡಿಸಬೇಡಿ. ತೋಟದಲ್ಲಿ ಅಡ್ಡಪಟ್ಟಿ ಹೊಡೆದ ಎತ್ತರದ ಗೂಟ ನೆಟ್ಟರೆ, ಅದು ರಾತ್ರಿ ಅಲ್ಲಿ ಕುಳಿತು ನಿಮ್ಮ ತೋಟ ಕಾಯುತ್ತದೆ.

ಕೊನೆಯದಾಗಿ ಮುಖ್ಯವಾದ ಮಾತು. ಇಲಿಗೆ ನಿಮ್ಮ ಬದು, ನೆರೆಯವರ ಬದು ಎಂಬ ಭೇದವಿಲ್ಲ. ನಿಮ್ಮ ತೋಟದಲ್ಲಿ ಖಾಲಿಯಾದ ಬಿಲಕ್ಕೆ ಪಕ್ಕದ ತೋಟದ ಇಲಿ ಬಂದು ಸೇರುತ್ತದೆ. ಬೇಸಿಗೆಯಲ್ಲಿ ಹೊಲ ಬರಿದಾಗಿ ಬಿಲಗಳು ಕಣ್ಣಿಗೆ ಬೀಳುವ ಕಾಲದಲ್ಲಿ, ಊರಿನವರೆಲ್ಲ ಸೇರಿ ಒಂದು ವಾರವನ್ನು ಗೊತ್ತು ಮಾಡಿ, ಒಂದೇ ಸಲಕ್ಕೆ ಎಲ್ಲ ಬದುಗಳಲ್ಲೂ ಈ ಕೆಲಸ ನಡೆಸಿರಿ. ಈ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲಿ ನೀವೇ ಎತ್ತಿರಿ.